ಜಾಲಿ ಕಂಟಿ ಕಡಿದುಕೊಟ್ಟ ಕಾಕಾ, ನಿಮಗೆ ಧನ್ಯವಾದ

ಗದಗ-ಬೆಟಗೇರಿಯ ಒಂದು ಗ್ಯಾರೇಜಿನ ಹಿಂದೆ ಹಳೆ ಅಂಬಾಸಿಡರ್ ಕಾರು ನಿಂತಿದೆ. ಈ ಕಾರಿನ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು, ಅಲ್ವಾ? ಅದರ ಫೋಟೋ ತೆಗೆಯಲೆಂದೇ ಸೋವಿಯತ್ ಕಾಲದ ಹೀಲಿಯೋಸ್ 44-2 ಲೆನ್ಸ್ ಒಯ್ದಿದ್ದೆ. ಅದರ ಬೆಳಕಿನ ಕಿಂಡಿಯನ್ನು ಎಫ್ 2ಕ್ಕೆ, ಅಂದರೆ ಪೂರ್ತಿ ತೆರೆದರೆ ಹಿಂದಿನ ಎಲೆಗಳೆಲ್ಲ ಸುಳಿ ಸುತ್ತಿದ ಹಾಗೆ ಬರುತ್ತವೆ. ಆದರೆ ಜಾಲಿ ಕಂಟಿ ದಾಟಲು ಆಗಲಿಲ್ಲ.

ಆಗ ಬಂದವರು ನೀವು. ಹೆಸರೂ ಕೇಳಲಿಲ್ಲ ನಾನು. "ತಡಿ ತಮ್ಮಾ, ಮುಳ್ಳ ಅದಾವ" ಎಂದು ಕುಡುಗೋಲಿನಿಂದ ಕಂಟಿ ಕಡಿದು ದಾರಿ ಮಾಡಿದಿರಿ. ಹೆಡ್‌ಲೈಟ್ ನೆರಳಲ್ಲಿತ್ತು. ಹೆಗಲ ಮೇಲಿನ ಬಿಳಿ ಟವೆಲ್ ಬಿಚ್ಚಿ ಬಿಸಿಲಿಗೆ ಹಿಡಿದಿರಿ. ಬೆಳಕು ತುಕ್ಕಿನ ಮೇಲೆ ಬಿತ್ತು, ಗಾಜಿನೊಳಗಿನ ಜೇಡರ ಬಲೆ ಎಳೆ ಎಳೆಯಾಗಿ ಕಂಡಿತು. ಕಡಿಮೆ, ಸರಿಯಾದ, ಜಾಸ್ತಿ ಬೆಳಕಿನ ಮೂರು ಫೋಟೋ ಮುಗಿಯುವವರೆಗೂ ಕೈ ಇಳಿಸಲಿಲ್ಲ ನೀವು.

ಮೂರನ್ನೂ ಕಂಪ್ಯೂಟರಿನಲ್ಲಿ ಒಂದು ಮಾಡಿದ್ದೇನೆ. ಪ್ರಿಂಟ್ ಗ್ಯಾರೇಜಿನಲ್ಲೇ ಕೊಟ್ಟಿದ್ದೇನೆ, ತಗೊಳ್ಳಿ ಕಾಕಾ.