ಯುದ್ಧವನ್ನು ನೋಡುತ್ತಿರುವವರು ಯಾರು?

ರಾಯಚೂರು

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ನೀನು ಕಳುಹಿಸಿದ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿದೆ. ನಮ್ಮ ಈ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ಯುದ್ಧವನ್ನು ನೀನು ಆರಿಸಿಕೊಂಡದ್ದು ಸಂತೋಷ. ಆದರೆ ಆನೆ, ಕುದುರೆ, ಕಾಲಾಳುಗಳ ಲೆಕ್ಕ ಮುಗಿಯುವಷ್ಟರಲ್ಲಿ ಓದುವವನು ದಣಿದಿರುತ್ತಾನೆ, ಅಷ್ಟು ದೊಡ್ಡ ಸೇನೆಯನ್ನು ಯಾರು ನೋಡುತ್ತಿದ್ದಾರೆ ಎಂಬುದು ಮಾತ್ರ ಕೊನೆಯವರೆಗೂ ತಿಳಿಯುವುದಿಲ್ಲ. ಯುದ್ಧದ ಕಥೆ ಬರೆದವರನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ, ಅವರ ಶೈಲಿಗಳು ಬೇರೆಯಾಗುವುದು ಮುಖ್ಯವಾಗಿ ಈ ಒಂದು ವಿಷಯದಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಟಾಲ್‌ಸ್ಟಾಯ್ ಹುಟ್ಟಿದ್ದು 1828ರಲ್ಲಿ, ರಷ್ಯನ್ನರಿಗೂ ನೆಪೋಲಿಯನ್ನನ ಸೇನೆಗೂ ಬೊರೊಡಿನೊ ಕದನ ನಡೆದದ್ದು 1812ರಲ್ಲಿ; ಅಂದರೆ ಆ ಕದನವನ್ನು ಅವನು ಕಂಡವನಲ್ಲ. ಸೆವಾಸ್ತೊಪೋಲ್ ಮುತ್ತಿಗೆಯಲ್ಲಿ ಫಿರಂಗಿ ದಳದ ಅಧಿಕಾರಿಯಾಗಿ ಯುದ್ಧವನ್ನು ಕಂಡಿದ್ದ ಆತ, 'ಯುದ್ಧ ಮತ್ತು ಶಾಂತಿ'ಯಲ್ಲಿ ಬಿಳಿ ಟೋಪಿ ಹಾಕಿಕೊಂಡು ಕೇವಲ ನೋಡಲೆಂದು ಬಂದ ಪಿಯೇರ್ ಎಂಬ ನಾಗರಿಕನನ್ನು ಫಿರಂಗಿಗಳ ನಡುವೆ ನಿಲ್ಲಿಸುತ್ತಾನೆ. ಗುಡ್ಡದ ಮೇಲಿಂದ ಮನೋಹರವಾಗಿ ಕಂಡ ರಣರಂಗ, ಹತ್ತಿರ ಹೋದಂತೆ ಅವನಿಗೆ ಅರ್ಥವಾಗದ ಗದ್ದಲವಾಗುತ್ತದೆ. (ನಡುನಡುವೆ ಬರುವ ಇತಿಹಾಸದ ವಾಗ್ವಾದಗಳನ್ನು ಓದು, ಆದರೆ ಅನುಕರಿಸಬೇಡ.) 1917ರಲ್ಲಿ ಪಶ್ಚಿಮ ರಣರಂಗದಲ್ಲಿ ಗಾಯಗೊಂಡಿದ್ದ ಜರ್ಮನ್ ಲೇಖಕ ರಿಮಾರ್ಕ್‌ನ ದಾರಿ ಇನ್ನೊಂದು. ಅವನ 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್' ಕಾದಂಬರಿಯಲ್ಲಿ ಸೇನಾಪತಿಗಳ ಆಲೋಚನೆಗಳಿಲ್ಲ; ಸಾಯುತ್ತಿರುವ ಗೆಳೆಯನ ಬೂಟುಗಳು ಇನ್ನೊಬ್ಬನ ಕಾಲಿಗೆ ಹೋಗುವುದನ್ನು ಪಾಲ್ ಎಂಬ ಹುಡುಗ ವರ್ತಮಾನ ಕಾಲದಲ್ಲಿ ಹೇಳುತ್ತಾ ಹೋಗುತ್ತಾನೆ. 'ನಾನು' ಎನ್ನುತ್ತಿದ್ದ ಆ ದನಿ ಕೊನೆಯಲ್ಲಿ ನಿಂತು, 1918ರ ಅಕ್ಟೋಬರಿನಲ್ಲಿ ಅವನು ಸತ್ತನೆಂದು ಬೇರೆ ಯಾರೋ ತಿಳಿಸುತ್ತಾರೆ. ಡ್ರೆಸ್ಡೆನ್ನಿನಲ್ಲಿ ಸೆರೆಯಾಳಾಗಿದ್ದು 1945ರ ಬಾಂಬ್ ದಾಳಿಯಿಂದ ಬದುಕಿ ಉಳಿದ ಅಮೆರಿಕದ ಲೇಖಕ ವೊನೆಗಟ್ 'ಸ್ಲಾಟರ್‌ಹೌಸ್-ಫೈವ್' ಕಾದಂಬರಿಯಲ್ಲಿ ಕಾಲಾನುಕ್ರಮವನ್ನೇ ಕೈಬಿಟ್ಟು ತನ್ನ ಕಥೆಯನ್ನು ಹೇಳಿದ.

ಇವರನ್ನೆಲ್ಲ ಓದುವ ಮೊದಲು ನೀನು ರನ್ನನ 'ಗದಾಯುದ್ಧ'ವನ್ನು ಮತ್ತೊಮ್ಮೆ ಓದಬೇಕು. ಮಹಾಭಾರತದ ಹದಿನೆಂಟು ದಿನಗಳ ಕಾಳಗದಲ್ಲಿ ಅವನು ಕೊನೆಯ ದಿನವನ್ನು ಹಿಡಿದುಕೊಂಡು, ಹಿಂದಿನದನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ನೆನಪಿಗೆ ತಂದ. ಸಂಜಯನೊಡನೆ ಭೀಷ್ಮನ ಬಳಿಗೆ ಹೋಗುವ ದುರ್ಯೋಧನ ಹೆಣಗಳ ನಡುವೆ ನಡೆಯಬೇಕಾಗುತ್ತದೆ. ದ್ರೋಣ, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಅಲ್ಲಿ ಶತ್ರುವಿನ ಮಗನಾದ ಅಭಿಮನ್ಯುವನ್ನೂ ಕಂಡು, ಅವನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ತನಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕಾವ್ಯ ಬರೆದ ಕವಿ, ಸೋಲುವವನ ಹೆಜ್ಜೆಯ ಜೊತೆಗೆ ನಮ್ಮನ್ನು ನಡೆಸಿದ್ದರಿಂದ ನಮ್ಮ ಮನಸ್ಸು ದುರ್ಯೋಧನನ ಕಡೆಗೇ ವಾಲುತ್ತದೆ. ಇಂತಹ ಧೈರ್ಯ ಆಸ್ಥಾನ ಕವಿಗಳಲ್ಲಿ ಅಪರೂಪ. ಭೈರಪ್ಪನವರು 'ಪರ್ವ'ದಲ್ಲಿ (1979) ಅದೇ ಯುದ್ಧದಿಂದ ಪವಾಡಗಳನ್ನು ತೆಗೆದು, ಹಸಿವು, ಹೇಸಿಗೆ, ಕೊಳೆತ ಹೆಣಗಳ ನಾತವನ್ನು ಪಾತ್ರಗಳ ನೆನಪಿನ ಮೂಲಕ ಒಳಗೆ ತಂದರು. ರನ್ನನ ಪಕ್ಕದಲ್ಲಿ ಅದನ್ನೂ ಇಟ್ಟುಕೋ.

ಈಗ ನಿನ್ನ ಬರಹಕ್ಕೆ ಬರೋಣ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್‌ನ ವೃತ್ತಾಂತದಿಂದ ನೀನು ಸೈನ್ಯದ ಅಂಕಿಗಳನ್ನು ಮಾತ್ರ ಎತ್ತಿಕೊಂಡಿದ್ದೀಯ. ಆದರೆ ಮುತ್ತಿಗೆಯ ವೇಳೆ ಕೋಟೆಯ ಗೋಡೆಯಿಂದ ಕಲ್ಲು ಕಿತ್ತು ತಂದವರಿಗೆ ನಾಯಕರು ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರೆಂದು ಅವನೇ ಬರೆದಿದ್ದಾನೆ. ಮೇಲಿಂದ ಬಾಣ, ಗುಂಡು ಬೀಳುತ್ತಿರುವಾಗ, ಚಿಕ್ಕ ಕಲ್ಲನ್ನು ಹಿಡಿದು ಓಡಬೇಕೋ, ದೊಡ್ಡದನ್ನು ಅಲುಗಾಡಿಸುತ್ತಾ ಇನ್ನಷ್ಟು ಹೊತ್ತು ನಿಲ್ಲಬೇಕೋ ಎಂದು ಲೆಕ್ಕ ಹಾಕುತ್ತಿರುವ ಆಳೊಬ್ಬ ನಿನಗೆ ಅಲ್ಲಿ ಸಿಗುತ್ತಾನೆ. ಕೃಷ್ಣೆಯ ದಡದ ದೊಡ್ಡ ಕಾಳಗ ಅವನಿಗೆ ಕಾಣುವುದೇ ಬೇಡ. ಅದು ಅರೆಬರೆ ಸುದ್ದಿಯಾಗಿ, ಪರಸ್ಪರ ವಿರುದ್ಧವಾದ ಮಾತುಗಳಾಗಿ ಅವನ ಕಿವಿಗೆ ಬೀಳಲಿ. ಆನೆಗಳ ಲೆಕ್ಕವೂ ಬೇಕೆನಿಸಿದರೆ ಅವನ ಬಾಯಿಂದಲೇ, ಅವನು ಉತ್ಪ್ರೇಕ್ಷಿಸಿದಷ್ಟೇ ಬರಲಿ. ಈ ಒಂದು ಅಧ್ಯಾಯವನ್ನು ಮೊದಲು ಬರೆದು ಕಳುಹಿಸು. ಅರಮನೆಯ ಸಮಾಲೋಚನೆಯ ದೃಶ್ಯ ಉಳಿಯಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡೋಣ.

ಇತಿ,
ನಿನ್ನ ಅಣ್ಣ