ಬೆಳ್ಳಿ ಕ್ಲೇ ಒಡವೆ ಮೋಸವಲ್ಲ, ಆದರೆ ಕಾಲುಂಗುರಕ್ಕೆ ಬೇಡ

ಸಂಪಾದಕರಿಗೆ ನಮಸ್ಕಾರ.

ಮನೆಯಲ್ಲೇ ಮೆಟಲ್ ಕ್ಲೇ, ಅಂದರೆ ಬೆಳ್ಳಿ ಪುಡಿಯ ಮುದ್ದೆ ಬಳಸಿ ಬೆಳ್ಳಿ ಒಡವೆ ಮಾಡುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರಹ ಬಂದಿತ್ತು. ಅದಕ್ಕೆ ಓದುಗರೊಬ್ಬರು, ಇದೆಲ್ಲ ಮಣ್ಣಿಗೆ ಬೆಳ್ಳಿ ಬಣ್ಣ ಬಳಿದು ಮಾರುವ ದಂಧೆ ಎಂದು ಪತ್ರ ಬರೆದಿದ್ದರು. ನಾನು ಕುಮಟಾದ ಸೊನಗಾರ. ಅಜ್ಜನ ಕಾಲದಿಂದ ನಮ್ಮದು ಇದೇ ಕಸುಬು. ನಮ್ಮ ಹೊಟ್ಟೆಪಾಡಿಗೆ ಅಡ್ಡ ಬರಬಹುದಾದ ವಸ್ತುವನ್ನು ನಾನೇ ವಹಿಸಿಕೊಂಡು ಮಾತಾಡುವುದು ವಿಚಿತ್ರ ಅನಿಸಬಹುದು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ವಾ?

ನಮ್ಮ ಸೊಸೆ ಇದನ್ನು ಮಾಡುತ್ತಾಳೆ. ಅವಳು ಮಾಡಿದ ಪದಕವೊಂದನ್ನು ನಾನು ಒರೆಗಲ್ಲಿಗೆ ತಿಕ್ಕಿ ನೋಡಿದ್ದೇನೆ. ಗೆರೆಯ ಮೇಲೆ ಒಂದು ಹನಿ ನೈಟ್ರಿಕ್ ಆಸಿಡ್ ಬಿಟ್ಟೆ. ತಾಮ್ರ ಜಾಸ್ತಿ ಇದ್ದರೆ ಅಲ್ಲಿ ಹಸಿರು ತಿರುಗುತ್ತದೆ, ತಿರುಗಲಿಲ್ಲ. ಮೇಲಿಂದ ಉಪ್ಪು ನೀರು ಬಿಟ್ಟ ಕೂಡಲೇ ಒಡೆದ ಹಾಲಿನ ಹಾಗೆ ಬೆಳ್ಳಗೆ ಗಂಟು ಕಟ್ಟಿತು. ಅದು ಬೆಳ್ಳಿಯೇ. ಈ ಕ್ಲೇಯಲ್ಲಿ ಮಣ್ಣು ಚಿಟಿಕೆಯಷ್ಟೂ ಇರುವುದಿಲ್ಲ. ತೀರಾ ನುಣ್ಣಗಿನ ಬೆಳ್ಳಿ ಪುಡಿ, ಅದನ್ನು ಹಿಡಿದಿಡಲು ಅಂಟು, ಸ್ವಲ್ಪ ನೀರು, ಇಷ್ಟೇ. ಜಪಾನಿನ ಮಿತ್ಸುಬಿಷಿ ಮೆಟೀರಿಯಲ್ಸ್ ಕಂಪನಿಯವರು 1990ರ ಸುಮಾರಿಗೆ ತಯಾರಿಸಿದ್ದು. ಸುಟ್ಟಾಗ ಅಂಟು ಉರಿದು ಹೋಗಿ, ಬೆಳ್ಳಿಯ ಕಣಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಸಾಮಾನ್ಯವಾಗಿ ಉಳಿಯುವುದು 999 ಶುದ್ಧತೆಯ ಬೆಳ್ಳಿ. ಅಂಗಡಿಯಲ್ಲಿ ಹೆಮ್ಮೆಯಿಂದ ತೋರಿಸುವ 925ರಲ್ಲಿ ಸಾವಿರಕ್ಕೆ 75 ಪಾಲು ಬೇರೆ ಲೋಹ, ಹೆಚ್ಚಾಗಿ ತಾಮ್ರವೇ ಇರುತ್ತದೆ. ಅದರ ಮೇಲೆ ನಾವು ತುಂಡು ಬೆಸೆಯಲು ಹಾಕುವ ಟಾಕದ (ಬೆಸುಗೆ ಲೋಹದ) ಲೆಕ್ಕ ಬೇರೆ! ಕ್ಲೇಯಲ್ಲಿ ತುಂಡಿಗೆ ತುಂಡು ಕೂಡಿಸಲು ಟಾಕ ಬೇಡ. ಅದೇ ಕ್ಲೇಯನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಹಚ್ಚಿದರಾಯಿತು.

ಕೆಲಸ ಸುಲಭ ಅಂತ ಮಾತ್ರ ತಿಳಿಯಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಇದೆಲ್ಲಿ ಒಣಗಬೇಕು? ಒಳಗೆ ಹಸಿ ಉಳಿದರೆ ಸುಡುವಾಗ ಆವಿ ಎದ್ದು ತುಂಡು ಸಿಡಿಯುತ್ತದೆ. ಸೊಸೆ ಅದನ್ನು ಬಚ್ಚಲ ಒಲೆಯ ಬದಿಗೆ ಇಟ್ಟು, ಬೆಚ್ಚಗಿರುವಾಗಲೇ ಕನ್ನಡಿಯ ಮೇಲೆ ಇಡುತ್ತಾಳೆ. ಎತ್ತಿದಾಗ ಕನ್ನಡಿಗೆ ಮಂಜು ಹಿಡಿದಿದ್ದರೆ ಇನ್ನೂ ಒಣಗಿಲ್ಲ ಎಂದರ್ಥ. ಕಾಳುಮೆಣಸಿನ ಚಿಗುರೆಲೆಯ ಹಿಂಬದಿಗೆ ತೆಳು ಕ್ಲೇಯನ್ನು ಬ್ರಷ್‌ನಿಂದ ಪದರ ಪದರವಾಗಿ ಬಳಿದು, ಎಲೆ ಸಮೇತ ಸುಡುತ್ತಾಳೆ. ಎಲೆ ಬೂದಿಯಾಗಿ ಹೋಗುತ್ತದೆ, ಅದರ ನರವೆಲ್ಲ ಬೆಳ್ಳಿಯಲ್ಲಿ ಉಳಿಯುತ್ತದೆ. ಇಷ್ಟು ಸಣ್ಣ ನರವನ್ನು ಚಾಣದಲ್ಲಿ ಕೆತ್ತಲು ನನ್ನಿಂದ ಆಗದು.

ಸುಡುವುದನ್ನು ನೋಡಲು ನಾನೂ ಪಕ್ಕದಲ್ಲಿ ಕೂರುತ್ತೇನೆ. ಸಣ್ಣ ತುಂಡಾದರೆ ಗ್ಯಾಸ್ ಟಾರ್ಚ್ ಸಾಕು. ಜಾಗ ಸ್ವಲ್ಪ ಕತ್ತಲಿರಬೇಕು, ಇಲ್ಲದಿದ್ದರೆ ಬಣ್ಣ ತಿಳಿಯುವುದಿಲ್ಲ. ಮೊದಲು ಹೊಗೆ, ಆಮೇಲೆ ಅಂಟು ಹೊತ್ತಿಕೊಂಡು ಚಿಕ್ಕ ಉರಿ. ಅದು ಆರಿದ ಮೇಲೆ ತುಂಡು ಬೆಳ್ಳಗಾಗಿ, ನಿಧಾನಕ್ಕೆ ನಸುಗೆಂಪು ಕಿತ್ತಳೆಗೆ ತಿರುಗುತ್ತದೆ. ಆ ಬಣ್ಣವನ್ನು ಕೆಲವು ನಿಮಿಷ ಹಾಗೇ ಹಿಡಿದಿಡಬೇಕು. ಮೈ ಪಳಪಳ ಅಂದಿತೋ, ಕರಗಲು ಹೊರಟಿದೆ ಅಂತ ಲೆಕ್ಕ. ತಕ್ಷಣ ಉರಿ ತೆಗೆಯಬೇಕು. ಬೆಳ್ಳಿ ಕರಗುವುದು 961 ಡಿಗ್ರಿಗೆ. ಕ್ಲೇಯಲ್ಲಿ ಕೆಲವು ಬಗೆ 650ಕ್ಕೇ ಬೇಯುತ್ತವೆ. ಆದರೆ 900 ಡಿಗ್ರಿ ತಡೆಯುವ ಬಗೆಯನ್ನು ಆ ಬಿಸಿಯಲ್ಲಿ ಎರಡು ತಾಸು ಸುಡುವ ಗೂಡಿನಲ್ಲಿ (ಕಿಲ್ನ್) ಇಟ್ಟರೆ ಸಿಗುವ ಗಟ್ಟಿತನ ಟಾರ್ಚ್‌ನಿಂದ ಬರುವುದಿಲ್ಲ. ಸುಟ್ಟು ತೆಗೆದಾಗ ಸುಣ್ಣದ ಬಿಳಿ ಇರುತ್ತದೆ. ತಂತಿ ಬ್ರಷ್‌ನಲ್ಲಿ ಉಜ್ಜಿದ ಮೇಲೆಯೇ ಹೊಳಪು. ಮುತ್ತು, ಹವಳ ಬೇಕಿದ್ದರೆ ಸುಟ್ಟ ಮೇಲೆಯೇ ಕೂಡಿಸಬೇಕು. ಅವು ಆ ಬಿಸಿಗೆ ಉಳಿಯುವುದಿಲ್ಲ.

ಈಗ ದುಡ್ಡಿನ ಮಾತು. ಜನ ಪದಕವನ್ನು ತಕ್ಕಡಿಗೆ ಹಾಕಿಸಿ, ಆ ದಿನದ ಬೆಳ್ಳಿ ದರ ಗುಣಿಸಿ, ‘ಇಷ್ಟಕ್ಕೆ ಇಷ್ಟೊಂದಾ?’ ಅನ್ನುತ್ತಾರೆ. ಕ್ಲೇ ಹೆಚ್ಚಾಗಿ ಹೊರದೇಶದಿಂದ ಬರುವ ಮಾಲು. ಗ್ರಾಂ ಲೆಕ್ಕದಲ್ಲಿ ಗಟ್ಟಿ ಬೆಳ್ಳಿಗಿಂತ ಬಹಳ ದುಬಾರಿ. ಅದರ ಮೇಲೆ ಮಜೂರಿ. ಆದರೆ ನಾಳೆ ಮುರಿಸಲು ಅಂಗಡಿಗೆ ತಂದರೆ ಯಾವ ಸೊನಗಾರನೂ ಬೆಳ್ಳಿ ದರಕ್ಕಿಂತ ಒಂದು ಪೈಸೆ ಜಾಸ್ತಿ ಕೊಡುವುದಿಲ್ಲ. ನಾನೂ ಕೊಡುವುದಿಲ್ಲ. ಇದನ್ನು ಮಾರುವವರು ಮೊದಲೇ ಬಾಯಿಬಿಟ್ಟು ಹೇಳಬೇಕು. ಬೆಳ್ಳಿಗೆ ಹಾಲ್‌ಮಾರ್ಕ್ ಇನ್ನೂ ಕಡ್ಡಾಯವಾಗಿಲ್ಲ. 2025ರ ಸೆಪ್ಟೆಂಬರ್ 1ರಿಂದ ಎಚ್‌ಯುಐಡಿ ಎಂಬ, ಒಂದೊಂದು ಒಡವೆಗೂ ಬೇರೆಯಾದ ಗುರುತು ಸಂಖ್ಯೆಯ ಹಾಲ್‌ಮಾರ್ಕ್ ಬಂದಿದ್ದರೂ ಅದು ಮಾಡಿಸುವವರ ಇಷ್ಟಕ್ಕೆ ಬಿಟ್ಟದ್ದು. ಹಾಗಾಗಿ ಕ್ಲೇ ಬೆಳ್ಳಿ, 999, ಸುಟ್ಟ ಮೇಲಿನ ತೂಕ ಇಷ್ಟು ಅಂತ ಚೀಟಿಯಲ್ಲಿ ಬರೆದು ಕೊಡಲಿ. ಬೆಳ್ಳಿ ಬಣ್ಣದ, ಸುಡದೇ ಒಣಗುವ ಅಗ್ಗದ ಕ್ಲೇಯೂ ಪೇಟೆಯಲ್ಲಿದೆ. ಪತ್ರ ಬರೆದವರು ಕಂಡದ್ದು ಅದನ್ನೇ ಇರಬೇಕು.

ನನ್ನದು ಒಂದೇ ತಕರಾರು. ಸೊಸೆಯ ಹತ್ತಿರವೂ ಇದೇ ಜಗಳ. ಪದಕ ಮಾಡಿ, ಓಲೆ ಮಾಡಿ, ಹರಕೆಗೆ ಬೆಳ್ಳಿ ಕಣ್ಣು ಬೇಕಾದರೂ ಮಾಡಿ. ಕಾಲುಂಗುರ, ಗೆಜ್ಜೆ ಬೇಡ. ಶುದ್ಧ ಬೆಳ್ಳಿ ಮೊದಲೇ ಮೆದು. ಸಾಲದ್ದಕ್ಕೆ ಸುಟ್ಟ ಕ್ಲೇಯ ಒಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಇರುತ್ತವೆ. ಕಾಲುಂಗುರವನ್ನು ದಿನಾ ಅಗಲಿಸಿ, ಒತ್ತಿ, ಕಲ್ಲುಮಣ್ಣಿನಲ್ಲಿ ತಿರುಗಾಡುವವರಿಗೆ ಅದು ಬಾಳುವುದಿಲ್ಲ, ಬಗ್ಗಿಸಿದಲ್ಲೇ ಬಿರುಕು ಬಿಡುತ್ತದೆ. ಅದಕ್ಕೆ ತಂತಿ ಎಳೆದು, ಬಡಿದು ಮಾಡಿದ ಬೆಳ್ಳಿಯೇ ಬೇಕು. ಗಿರಾಕಿ ಕ್ಲೇಯಲ್ಲೇ ಮಾಡಿಕೊಡಿ ಅಂದರೆ, ಆಗುವುದಿಲ್ಲ ಅಂತ ಹೇಳಿ ಹತ್ತಿರದ ಸೊನಗಾರನ ಅಂಗಡಿಗೆ ಕಳಿಸಿ.

ಇಂತಿ,
ಒಬ್ಬ ಸೊನಗಾರ, ಕುಮಟಾ