ಹಿತ್ತಲು ಕೊಟ್ಟಿದ್ದನ್ನು ಬೇಯಿಸು

ಸಾಗರದ ಕೂಸಿಗೆ,

ಶಿರಸಿಯಿಂದ ಅತ್ತೆಯ ಆಶೀರ್ವಾದಗಳು.

ಹಿತ್ತಲಲ್ಲಿ ಬೆಳೆಯೋಕೆ ಅಂತ ನೀನು ವಾಟ್ಸ್ಯಾಪಿನಲ್ಲಿ ಕಳಿಸಿದ ತರಕಾರಿ ಪಟ್ಟಿ ನೋಡಿದೆ. ಟೊಮೆಟೊ, ಎಲೆಕೋಸು, ಕ್ಯಾರೆಟ್, ದೊಣ್ಣೆಮೆಣಸು, ಬೀನ್ಸ್. ಎಲ್ಲಾ ಜೂನ್‌ನಲ್ಲೇ ಹಾಕ್ತೀಯಂತೆ. ನಿನ್ನ ಮಾವ ಓದಿ, "ಇದೇನು, ಸಂತೆ ಚೀಟಿಯಾ?" ಅಂದರು. ಫೋನಲ್ಲಿ ಹೇಳಿದರೆ ಅರ್ಧ ಮರೆತುಬಿಡ್ತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಅಡುಗೆ ಏನು ಅಂತ ಮೊದಲು ತೀರ್ಮಾನ ಮಾಡಿ, ಅದಕ್ಕೆ ಬೇಕಾದ ತರಕಾರಿ ಬೆಳೆಯೋಕೆ ಹೊರಡಬೇಡ. ಮಲೆನಾಡಿನಲ್ಲಿ ಅದು ನಡೆಯೋದಿಲ್ಲ. ಆ ಕಾಲಕ್ಕೆ ಹಿತ್ತಲು ಏನು ಕೊಡುತ್ತೋ ಅದನ್ನು ಬೇಯಿಸು. ಮಳೆಗಾಲದಲ್ಲಿ ಟೊಮೆಟೊ ಎಲೆ ಒಣಗೋದೇ ಇಲ್ಲ. ಮಚ್ಚೆ ಬೀಳುತ್ತೆ, ಕೊಳೆಯುತ್ತೆ, ನೀನು ಔಷಧಿ ಅಂಗಡಿಗೆ ಓಡುತ್ತೀಯ. ಸಾರಿಗೆ ಹುಳಿ ತಾನೇ ಬೇಕಾಗಿದ್ದು? ಮುರುಗಲು ಸಿಪ್ಪೆ ಇದೆ, ಹುಣಸೆ ಇದೆ. ಟೊಮೆಟೊ ಬೇಕೇ ಬೇಕಾದರೆ ಪೇಟೆಯಲ್ಲಿ ತಗೋ. ನಾಚಿಕೆ ಏನಿಲ್ಲ.

ಈಗ ಮೇ ತಿಂಗಳು. ಮೇ 25ರ ಸುಮಾರಿಗೆ ರೋಹಿಣಿ ಮಳೆ ಶುರು. ಸೌತೆ, ಹೀರೆ, ಹಾಗಲ, ಪಡವಲ ಬೀಜವನ್ನು ಅಷ್ಟರೊಳಗೆ ಮಣ್ಣು ತುಂಬಿದ ಸಣ್ಣ ಸಣ್ಣ ಕೊಟ್ಟೆಯಲ್ಲಿ, ಅಂದರೆ ಚೀಲದಲ್ಲಿ, ಹಾಕಿ ಜಗಲಿ ಅಂಚಿನಲ್ಲಿ ಇಡು. ನೇರವಾಗಿ ನೆಲಕ್ಕೆ ಹಾಕಿದರೆ ಅದರ ಹಿಂದೆಯೇ ಬರುವ ಮೃಗಶಿರ ಮಳೆಯ ಹೊಡೆತಕ್ಕೆ ಬೀಜ ಕೊಳೆಯುತ್ತೆ, ಇಲ್ಲಾ ಮೊಳಕೆಯನ್ನು ಬಸವನಹುಳು ರಾತ್ರೋರಾತ್ರಿ ಮೇಯ್ದು ಹೋಗುತ್ತೆ. ಮೂರ್ನಾಲ್ಕು ಎಲೆ ಬಂದ ಮೇಲೆ, ಮಣ್ಣು ಎತ್ತರಿಸಿ ಮಾಡಿದ ಏರಿಯ ಮೇಲೆ ನೆಡು. ಏರಿ ಒಂದಡಿ ಎತ್ತರ ಇರಲಿ. ನೀರು ಹಾಕೋದಕ್ಕಿಂತ ನೀರು ಬಸಿಯೋದೇ ಇಲ್ಲಿ ದೊಡ್ಡ ಕೆಲಸ. ಬೆಂಡೆಯನ್ನೂ ಆಗಲೇ ಹಾಕು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಒತ್ತೊತ್ತಾಗಿ ಹಾಕಿದರೆ ಜಾಸ್ತಿ ಬರುತ್ತೆ ಅನ್ನೋದೆಲ್ಲ ಸುಳ್ಳು.

ಚಪ್ಪರ ಮೊದಲು, ಬಳ್ಳಿ ಆಮೇಲೆ. ಎಲ್ಲರೂ ಉಲ್ಟಾ ಮಾಡುತ್ತಾರೆ. ಬಳ್ಳಿ ನೆಲದಲ್ಲಿ ಹರಡಿಕೊಂಡ ಮೇಲೆ ಮಳೆಯಲ್ಲಿ ನೆನೆಯುತ್ತಾ ಗೂಟ ಹುಡುಕುತ್ತಾರೆ.

ಜೂನ್ ಕೊನೆಯಿಂದ ಆರಿದ್ರೆ, ಪುನರ್ವಸು ಮಳೆ ಸುರಿಯುವಾಗ ಏನನ್ನೂ ಬಿತ್ತಬೇಡ. ಆಗ ಕೆಸು ಇರುತ್ತೆ, ಒಂದೆಲಗ ಇರುತ್ತೆ, ಮರಕೆಸು ಸಿಕ್ಕಿದರೆ ಪತ್ರೊಡೆ. ಇವನ್ನು ಯಾರೂ ನೆಡಬೇಕಾಗಿಲ್ಲ, ಅಲ್ವಾ? ಚೌತಿ ಹೊತ್ತಿಗೆ ಸೌತೆ, ಬೆಂಡೆ, ಹಾಗಲ ಎಲ್ಲಾ ಒಟ್ಟಿಗೇ ಬರುತ್ತೆ. ಅಕ್ಕಪಕ್ಕದವರಿಗೆ ಕೊಡು. ದಿನಾ ಮೊಸರು ಬೆರೆಸಿದ ಹಶಿ ಮಾಡಿದರೆ ಅಳಿಯಂದಿರು ಮುಖ ಸಿಂಡರಿಸಬಹುದು, ರೂಢಿ ಆಗುತ್ತೆ ಬಿಡು.

ಹಣ್ಣುನೊಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಿನಗೆ ಅಳು ಬರಿಸೋದು ಅದೇ. ಎಳೆ ಹೀರೆಕಾಯಿಯನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡು. ಸೂಜಿ ಚುಚ್ಚಿದಂಥ ಒಂದು ಚುಕ್ಕೆ, ಅದರಿಂದ ಅಂಟು ಒಸರಿರುತ್ತೆ. ನೊಣ ಅಲ್ಲಿ ಸಿಪ್ಪೆಯೊಳಗೆ ಮೊಟ್ಟೆ ಇಟ್ಟು ಹೋಗಿದೆ. ಆಮೇಲೆ ಆ ಕಾಯಿ ಸೊಟ್ಟಗಾಗಿ ಹಳದಿ ತಿರುಗುತ್ತೆ, ಕತ್ತರಿಸಿದರೆ ಬಿಳಿ ಹುಳು. ಹೊರಗೆ ಮದ್ದು ಹೊಡೆದರೆ ಒಳಗಿನ ಹುಳುವಿಗೆ ತಾಗೋದಿಲ್ಲ. ಕಾಯಿ ಹೆಬ್ಬೆರಳಿನಷ್ಟು ಆದಾಗಲೇ ಕಾಗದದ ಚೀಲವನ್ನೋ ಹಳೇ ಪಂಚೆ ತುಂಡನ್ನೋ ಕಟ್ಟಿಬಿಡು. ಕಾಗದ ನೆನೆದರೆ ಬದಲಾಯಿಸಬೇಕು, ಅದೊಂದು ರಗಳೆ. ಕೆಟ್ಟ ಕಾಯಿಯನ್ನು ಬುಡದಲ್ಲೇ ಬಿಸಾಡಬೇಡ. ಹುಳು ಮಣ್ಣಿಗಿಳಿದು, ಕೋಶ ಕಟ್ಟಿ, ಮತ್ತೆ ನೊಣವಾಗಿ ಮೇಲೆ ಬರುತ್ತೆ. ಆರಿಸಿ ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿಡು. ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಅಂತ ಸಿಗುತ್ತೆ, ಅದಕ್ಕೆ ಗಂಡು ನೊಣ ಮಾತ್ರ ಬೀಳುತ್ತೆ. ಪಕ್ಕದ ಮನೆಯವರೂ ಕಟ್ಟಿದರೆ ಹೆಚ್ಚು ಉಪಯೋಗ.

ಕುಂಬಳದ ಮಿಡಿ ಉದುರಿದರೆ ಗಾಬರಿ ಬೇಡ. ಜಡಿಮಳೆಗೆ ಜೇನು ಬರೋದಿಲ್ಲ. ಬೆಳಿಗ್ಗೆ ಬೇಗ ಎದ್ದು, ಗಂಡು ಹೂವು ಕಿತ್ತು ಎಸಳು ತೆಗೆದು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ಮೆಲ್ಲಗೆ ಸವರು. ಹೀರೆ ಹೂವು ಮಾತ್ರ ಅರಳೋದು ಸಂಜೆ. ಅದಕ್ಕೆ ಬೆಳಿಗ್ಗೆ ಹೋಗಿ ನಿಂತರೆ ಸುಮ್ನೆ.

ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆ ಹೊತ್ತಿಗೆ, ಬದನೆ ಮತ್ತು ಹಸಿಮೆಣಸಿನ ಒಟ್ಲು, ಅಂದರೆ ಸಸಿ ಮಡಿ, ಹಾಕು. ನಿನ್ನ ಟೊಮೆಟೊ ಒಟ್ಲೂ ಆಗಲೇ. ತಿಂಗಳಿಗೆ ಕಿತ್ತು ನೆಡಬಹುದು. ಮೂಲಂಗಿ, ಹರಿವೆ, ಅಲಸಂದೆ, ಬೀನ್ಸ್, ನಿನ್ನ ಎಲೆಕೋಸು, ಎಲ್ಲಕ್ಕೂ ದೀಪಾವಳಿ ಆಸುಪಾಸಿನ ತಂಪು ಸರಿ. ಹರಿವೆ 25–30 ದಿನಕ್ಕೇ ಕೊಯ್ಯಲು ಸಿಗುತ್ತೆ. ಹೊಸಬರಿಗೆ ಅದರಷ್ಟು ಧೈರ್ಯ ಕೊಡುವ ಗಿಡ ಇನ್ನೊಂದಿಲ್ಲ.

ಬದನೆ ಗಿಡ ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಹಸಿರಾಗಿಯೇ ಜೋತುಬಿದ್ದರೆ, ನೀರು ಹಾಕಿದರೂ ಚೇತರಿಸದಿದ್ದರೆ, ಕಾಂಡ ಕತ್ತರಿಸಿ ಒಂದು ಲೋಟ ಶುದ್ಧ ನೀರಿನಲ್ಲಿ ಇಳಿಬಿಡು. ಹಾಲಿನ ಎಳೆಯಂತೆ ಬೆಳ್ಳಗೆ ಇಳಿದರೆ ಅದು ಸೊರಗು ರೋಗ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಮದ್ದಿಗೆ ದುಡ್ಡು ಸುರಿಯಬೇಡ, ಗಿಡ ಕಿತ್ತು ಸುಡು. ಆ ಜಾಗದಲ್ಲಿ ಬದನೆ, ಟೊಮೆಟೊ, ಹಸಿಮೆಣಸು ಮೂರನ್ನೂ ಕೆಲವು ವರ್ಷ ಬಿಟ್ಟುಬಿಡು. ಮೂರೂ ಒಂದೇ ಕುಟುಂಬದವು, ಒಬ್ಬರ ಕಾಯಿಲೆ ಮತ್ತೊಬ್ಬರಿಗೆ. ಟೊಮೆಟೊ ಹಠ ಬಿಡದಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕು, ಈ ಸೊರಗನ್ನು ತಡೆದುಕೊಳ್ಳುತ್ತೆ. ಆದರೆ ಅದು ಹೈಬ್ರಿಡ್, ಬೀಜ ಇಟ್ಟುಕೊಳ್ಳೋಕೆ ಬರೋದಿಲ್ಲ. ಬೆಂಡೆಯಲ್ಲಿ ಅವರದೇ ಅರ್ಕಾ ಅನಾಮಿಕ ಇದೆ. ಎಲೆ ಹಳದಿ ಬಲೆಯಂತೆ ಆಗುವ ರೋಗ ತಡೆಯಲಿ ಅಂತಲೇ ತೆಗೆದ ತಳಿ ಅದು, ಬೀಜವನ್ನೂ ಇಟ್ಟುಕೊಳ್ಳಬಹುದು.

ನಮ್ಮ ಮಣ್ಣು ಹುಳಿ ಮಣ್ಣು. ಮಳೆಗೆ ಸುಣ್ಣದಂಶ ಕೊಚ್ಚಿ ಹೋಗಿರುತ್ತೆ. ಏರಿ ಮಾಡುವಾಗ ಸ್ವಲ್ಪ ಕೃಷಿ ಸುಣ್ಣ ಬೆರೆಸು. ಕೊಟ್ಟಿಗೆ ಗೊಬ್ಬರವನ್ನು ಅದರ ಜೊತೆಗೇ ಹಾಕಬೇಡ, ಎರಡು ವಾರ ಬಿಟ್ಟು ಹಾಕು. ಇಲ್ಲದಿದ್ದರೆ ಗೊಬ್ಬರದ ಸಾರ ಗಾಳಿಗೆ ಹೋಗುತ್ತೆ.

ಬೇಸಿಗೆಯದು ಮೊಗೆಕಾಯಿ (ಪೇಟೆಯವರ ಮಂಗಳೂರು ಸೌತೆ), ಕುಂಬಳ, ಬಸಳೆ. ಜನವರಿಯಲ್ಲೇ ಹಾಕಿ, ಬುಡಕ್ಕೆ ದಪ್ಪಗೆ ದರಕು, ಅಂದರೆ ಒಣಗಿದ ಎಲೆ, ಮುಚ್ಚು, ಸಂಜೆ ನೀರು ಕೊಡು. ಬಲಿತ ಮೊಗೆಕಾಯಿಯನ್ನು ಬಾಳೆಹಗ್ಗದಲ್ಲಿ ಕಟ್ಟಿ ಅಟ್ಟದಲ್ಲಿ ನೇತುಹಾಕು. ಏನೂ ಬಿತ್ತಲಾಗದ ಆರಿದ್ರೆಯಲ್ಲಿ ಹುಳಿಗೂ ಮಜ್ಜಿಗೆಯ ಪಳದ್ಯಕ್ಕೂ ಅದೇ ಆಧಾರ.

ಮೊದಲ ವರ್ಷ ನಾಲ್ಕೇ ಏರಿ ಸಾಕು. ಕ್ಯಾರೆಟ್ ಮಾತ್ರ ಪಟ್ಟಿಯಿಂದ ಹೊಡೆದುಹಾಕು, ನಿಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಅದು ಬೆರಳುದ್ದ ಸೊಟ್ಟ ಬೇರು ಬಿಟ್ಟು ಕೂರುತ್ತೆ.

ಬರುವ ವಾರ ಮಾವ ಸಾಗರಕ್ಕೆ ಬರುತ್ತಾರೆ. ಸೌತೆ, ಹೀರೆ, ಹಾಗಲ, ಬೆಂಡೆ ಬೀಜ ಕಳಿಸುತ್ತೇನೆ. ಹಾಗಲ ಬೀಜವನ್ನು ಒಂದು ರಾತ್ರಿ ನೆನೆಸಿ ಹಾಕು, ಅದರ ಸಿಪ್ಪೆ ಗಟ್ಟಿ. ಸ್ಟೀಲ್ ಡಬ್ಬ ಅವರ ಕೈಯಲ್ಲೇ ವಾಪಸ್ ಕಳಿಸು, ಹೋದ ಸಲದ್ದೂ ನಿನ್ನ ಹತ್ತಿರವೇ ಇದೆ.

ಇಂತಿ,
ನಿನ್ನ ಅತ್ತೆ